ಗೋಧಿ ಒಗ್ಗದ ಮಕ್ಕಳು

‘ಊಟ ಬಲ್ಲವನಿಗೆ ರೋಗವಿಲ್ಲ’ ಎಂಬುದು ಹಿರಿಯರ ಅನುಭವದ ಮಾತು. ಹಸಿದಾಗ ಉಣ್ಣುವುದು, ಹಿತಮಿತವಾಗಿ ಉಣ್ಣುವುದು, ಒಗ್ಗದುದನ್ನು ಬಿಡುವುದು - ಈ ಮೂರು ನಿಯಮಗಳೂ ಆ ಗಾದೆಯಲ್ಲಿ ಅಡಗಿವೆ. ಬಹುಜನರಿಗೆ ಇವು ಆರೋಗ್ಯದ ಸಾಮಾನ್ಯ ಸೂತ್ರಗಳು. ಆದರೆ ಕೆಲವು ಮಕ್ಕಳಿಗೆ ಮೂರನೆಯ ನಿಯಮವೇ ಔಷಧ. ಅದರ ಹೊರತು ಬೇರೆ ಔಷಧವಿಲ್ಲ. ಎಲ್ಲರಿಗೂ ಬಲವನ್ನು ಕೊಡುವ ಗೋಧಿಯು ಅವರ ಪಾಲಿಗೆ ಕರುಳನ್ನು ಕೆಡಿಸುವ ವಸ್ತುವಾಗುತ್ತದೆ. ಈ ಸ್ಥಿತಿಯನ್ನು ವೈದ್ಯರು ಸೀಲಿಯಾಕ್ ರೋಗ ಎಂದು ಕರೆಯುತ್ತಾರೆ.

ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲ್ಲೂಕಿನಲ್ಲಿ, ಪುಣೆ-ಬೆಂಗಳೂರು ಹೆದ್ದಾರಿಯ ಸಮೀಪದಲ್ಲಿ, ತಡಸ ಎಂಬ ಊರಿದೆ. ಅದರ ಸುತ್ತಣ ಶಿಗ್ಗಾವಿ, ಸವಣೂರು, ಹಾನಗಲ್ಲು, ಹಿರೇಕೆರೂರುಗಳ ಸೀಮೆಯಲ್ಲಿ ಬಯಲುನಾಡು ಮೆಲ್ಲಮೆಲ್ಲನೆ ಮಲೆನಾಡಿಗೆ ತಿರುಗುತ್ತದೆ. ಜೋಳದ ರೊಟ್ಟಿಯೂ ಅಕ್ಕಿಯ ಅನ್ನವೂ ಇಲ್ಲಿ ಒಂದೇ ತಟ್ಟೆಯಲ್ಲಿ ಕೂಡುತ್ತವೆ. ಗೋಧಿಯೇನೂ ಇಲ್ಲಿಗೆ ಅಪರಿಚಿತವಲ್ಲ. ಹಬ್ಬಕ್ಕೆ ಹೋಳಿಗೆ, ಜಾತ್ರೆಗೆ ಗೋಧಿ ಹುಗ್ಗಿ ಮತ್ತು ಮಾದಲಿ, ಬೀಗರು ಬಂದರೆ ಶಾವಿಗೆ, ಬೆಳಗಿನ ಹೊತ್ತು ರವೆಯ ಉಪ್ಪಿಟ್ಟು ಎಂದು ಅದು ಮನೆಮನೆಗೂ ಬರುತ್ತದೆ. ಇಂತಹ ಊರಿನ ಒಂದು ಮಗುವಿಗೆ ಸೀಲಿಯಾಕ್ ರೋಗವಿದ್ದರೆ ಅದು ಹೇಗೆ ಉಣ್ಣಬೇಕು, ಹೇಗೆ ಶಾಲೆಗೆ ಹೋಗಬೇಕು, ಹೇಗೆ ಹಬ್ಬ ಮಾಡಬೇಕು? ಇದನ್ನು ತಿಳಿಯುವ ಮುನ್ನ ರೋಗದ ಸ್ವರೂಪವನ್ನು ತಿಳಿಯುವುದು ಅವಶ್ಯ.

ಗೋಧಿಯಲ್ಲಿ ಅಂತಹುದು ಏನಿದೆ? ಇದನ್ನು ಅಡುಗೆಮನೆಯಲ್ಲಿಯೇ ಕಂಡುಕೊಳ್ಳಬಹುದು. ಹೋಳಿಗೆಗೆಂದು ನಾದಿದ ಕಣಕವನ್ನು ಎಳೆದರೆ ಅದು ಹರಿಯದೆ ಹಿಗ್ಗುತ್ತದೆ. ಹೂರಣವನ್ನು ಒಳಗಿಟ್ಟು ತಟ್ಟಿದರೂ ತೆಳ್ಳಗಾಗುತ್ತದೆಯೇ ಹೊರತು ಸುಲಭವಾಗಿ ಬಿರಿಯುವುದಿಲ್ಲ. ಜೋಳದ ಹಿಟ್ಟು ಹಾಗಲ್ಲ. ಅದನ್ನು ಬಿಸಿನೀರಿನಲ್ಲಿ ಕಲಸಿ, ಕೈಯಿಂದ ಬಡಿದು ಬಡಿದು ರೊಟ್ಟಿ ಮಾಡಬೇಕು, ಎಳೆದರೆ ತುಂಡಾಗುತ್ತದೆ. ಗೋಧಿಯ ಹಿಟ್ಟಿಗೆ ಆ ಜಿಗುಟನ್ನು ಕೊಡುವುದು ಅದರಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನು. ಕಣಕದ ಉಂಡೆಯನ್ನು ನೀರಿನಲ್ಲಿ ಮೆಲ್ಲಗೆ ಹಿಸುಕಿ ತೊಳೆಯುತ್ತ ಹೋದರೆ ಪಿಷ್ಟವು ಹಾಲಿನಂತೆ ನೀರಿಗೆ ಇಳಿದು, ಕೊನೆಗೆ ರಬ್ಬರಿನಂತಹ ಮುದ್ದೆಯೊಂದು ಕೈಯಲ್ಲಿ ಉಳಿಯುತ್ತದೆ. ಅದರ ಬಹುಭಾಗ ಗ್ಲುಟೆನ್. ಬಾರ್ಲಿ ಮತ್ತು ರೈ ಎಂಬ ಧಾನ್ಯಗಳಲ್ಲಿಯೂ ಇದೇ ಬಗೆಯ ಪ್ರೋಟೀನುಗಳಿವೆ. ಜೋಳ, ಅಕ್ಕಿ, ರಾಗಿ, ಸಜ್ಜೆ, ನವಣೆ, ಸಾಮೆ, ಗೋವಿನಜೋಳಗಳಲ್ಲಿ ಈ ಕೇಡು ಮಾಡುವ ಪ್ರೋಟೀನು ಇಲ್ಲ.

ಇನ್ನು ಕರುಳಿನ ವಿಷಯ. ಸಣ್ಣ ಕರುಳಿನ ಒಳಮೈ ನುಣುಪಾಗಿರುವುದಿಲ್ಲ. ಬೆರಳುಗಳಂತೆ ಎದ್ದುನಿಂತ ಲಕ್ಷಾಂತರ ಸೂಕ್ಷ್ಮ ಚಾಚುಗಳು ಅದನ್ನು ಮಖಮಲ್ಲಿನಂತೆ ಹೊದೆದಿರುತ್ತವೆ. ಇವುಗಳಿಗೆ ವಿಲ್ಲೈ ಎಂದು ಹೆಸರು. ಜೀರ್ಣವಾದ ಆಹಾರದ ಸಾರವನ್ನು ಹೀರಿ ರಕ್ತಕ್ಕೆ ಒಪ್ಪಿಸುವುದು ಇವುಗಳ ಕೆಲಸ. ಸೀಲಿಯಾಕ್ ರೋಗವಿರುವವರಲ್ಲಿ ದೇಹದ ರಕ್ಷಣಾ ವ್ಯವಸ್ಥೆಯು ಗ್ಲುಟೆನ್ನನ್ನು ವೈರಿಯೆಂದು ಭ್ರಮಿಸಿ ಕೆರಳುತ್ತದೆ. ಕೆರಳಿ ತನ್ನ ಕರುಳನ್ನೇ ಘಾಸಿಗೊಳಿಸುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಆಗುವ ಸ್ಥಿತಿ ಇದು. ವಿಲ್ಲೈಗಳು ಸವೆದು ಚಪ್ಪಟೆಯಾಗುತ್ತವೆ. ಆಗ ಮಗು ಎಷ್ಟು ಉಂಡರೂ ಉಂಡದ್ದು ಮೈಗೆ ಹತ್ತುವುದಿಲ್ಲ. ಈ ರೋಗವು ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಇದಕ್ಕೆ ಆಸ್ಪದ ಕೊಡುವ ಗುಣವು ವಂಶದಿಂದ ಬರುತ್ತದೆ. ಆದುದರಿಂದ ಒಂದು ಮಗುವಿಗೆ ರೋಗವಿದ್ದರೆ ಅದರ ತಂದೆತಾಯಿಗಳನ್ನೂ ಒಡಹುಟ್ಟಿದವರನ್ನೂ ಪರೀಕ್ಷಿಸುವುದು ವಾಡಿಕೆ.

ರೋಗದ ಚಿಹ್ನೆಗಳು ಎಲ್ಲರಲ್ಲಿಯೂ ಒಂದೇ ತೆರನಾಗಿರುವುದಿಲ್ಲ. ಎಳೆಯ ಮಕ್ಕಳಲ್ಲಿ ಪದೇ ಪದೇ ಭೇದಿ, ಉಬ್ಬಿದ ಹೊಟ್ಟೆ, ಸೊರಗಿದ ಕೈಕಾಲು ಕಾಣುತ್ತವೆ. ದೊಡ್ಡ ಮಕ್ಕಳಲ್ಲಿ ಭೇದಿಯೇ ಇಲ್ಲದೆ ಇರಬಹುದು. ಓರಗೆಯವರಿಗಿಂತ ಎತ್ತರ ಕಡಿಮೆಯಾಗುವುದು, ರಕ್ತಹೀನತೆ, ಸದಾ ಆಯಾಸ, ಬಾಯಿಹುಣ್ಣು, ಹರೆಯದ ಬದಲಾವಣೆಗಳು ತಡವಾಗುವುದು - ಇವೇ ಸೂಚನೆಗಳಾಗಬಹುದು. ಕಬ್ಬಿಣದ ಮಾತ್ರೆಗಳನ್ನು ತಿಂಗಳುಗಟ್ಟಲೆ ನುಂಗಿಸಿದರೂ ರಕ್ತ ಹೆಚ್ಚುವುದಿಲ್ಲ. ಏಕೆಂದರೆ ಕಬ್ಬಿಣವನ್ನು ಹೀರಬೇಕಾದ ವಿಲ್ಲೈಗಳೇ ಕೆಟ್ಟಿರುತ್ತವೆ. ಹಳ್ಳಿಗಳಲ್ಲಿ ಇಂತಹ ಮಗುವಿಗೆ ಜಂತುಹುಳುವಿನ ಔಷಧ ಕೊಡುತ್ತಾರೆ, ದೃಷ್ಟಿ ತೆಗೆಯುತ್ತಾರೆ, ‘ವಂಶವೇ ಗಿಡ್ಡು’ ಎಂದು ಸುಮ್ಮನಾಗುತ್ತಾರೆ. ಹೀಗೆ ವರ್ಷಗಳು ಕಳೆದುಹೋಗುತ್ತವೆ. ಬೆಳೆಯುವ ವಯಸ್ಸಾದರೋ ಮತ್ತೆ ಬರುವುದಿಲ್ಲ. ಈ ರೋಗದ ದೊಡ್ಡ ಅಪಾಯ ಇಲ್ಲಿಯೇ ಇದೆ.

ರೋಗವು ಪುರಾತನವಾದುದು, ಅದರ ಕಾರಣವು ತಿಳಿದದ್ದು ಮಾತ್ರ ಇತ್ತೀಚೆಗೆ. ಸುಮಾರು ಕ್ರಿಸ್ತಶಕ ಎರಡನೆಯ ಶತಮಾನದಲ್ಲಿ ಅರಿಟೇಯಸ್ ಎಂಬ ಗ್ರೀಕ್ ವೈದ್ಯನು ಆಹಾರವು ಜೀರ್ಣವಾಗದೆ ಹೋಗುವ ಇಂತಹ ರೋಗಿಗಳನ್ನು ವರ್ಣಿಸಿದನು. ಹೊಟ್ಟೆ ಎಂಬ ಅರ್ಥದ ಗ್ರೀಕ್ ಶಬ್ದದಿಂದಲೇ ‘ಸೀಲಿಯಾಕ್’ ಎಂಬ ಹೆಸರು ಬಂದಿದೆ. 1888ರಲ್ಲಿ ಲಂಡನ್ನಿನ ಸ್ಯಾಮ್ಯುಯೆಲ್ ಗೀ ಎಂಬ ವೈದ್ಯರು ಮಕ್ಕಳಲ್ಲಿ ಕಾಣುವ ಈ ರೋಗವನ್ನು ಸ್ಪಷ್ಟವಾಗಿ ವಿವರಿಸಿ, ಇದಕ್ಕೆ ಗುಣವೆಂಬುದು ಇದ್ದರೆ ಅದು ಪಥ್ಯದಿಂದಲೇ ಬರಬೇಕು ಎಂದು ಬರೆದರು. ಯಾವ ಪಥ್ಯ ಎಂಬುದು ಅವರಿಗೂ ತಿಳಿದಿರಲಿಲ್ಲ. 1924ರಲ್ಲಿ ಅಮೆರಿಕದ ಸಿಡ್ನಿ ಹಾಸ್ ಎಂಬ ವೈದ್ಯರು ಬಾಳೆಯ ಹಣ್ಣುಗಳ ಪಥ್ಯದಿಂದ ಮಕ್ಕಳು ಚೇತರಿಸಿಕೊಂಡುದನ್ನು ಪ್ರಕಟಿಸಿದರು. ಬಾಳೆಯ ಹಣ್ಣಿನಲ್ಲಿ ವಿಶೇಷ ಶಕ್ತಿಯಿದೆಯೆಂದು ಜನರು ನಂಬಿದರು. ನಿಜವಾಗಿ ಆ ಮಕ್ಕಳನ್ನು ಉಳಿಸಿದ್ದು ಅವರ ತಟ್ಟೆಯಲ್ಲಿ ರೊಟ್ಟಿಯ ಚೂರು ಇಲ್ಲದಿದ್ದುದು.

ಇದನ್ನು ಕಂಡುಹಿಡಿದವರು ನೆದರ್ಲೆಂಡ್ಸ್ ದೇಶದ ಮಕ್ಕಳ ವೈದ್ಯ ವಿಲ್ಲೆಮ್ ಡಿಕೆ. ಹೇಗ್ ನಗರದ ಮಕ್ಕಳ ಆಸ್ಪತ್ರೆಯಲ್ಲಿದ್ದ ಅವರಿಗೆ 1930ರ ದಶಕದಲ್ಲಿಯೇ ಗೋಧಿಯ ಮೇಲೆ ಸಂಶಯವಿತ್ತು. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, 1944-45ರ ಚಳಿಗಾಲದಲ್ಲಿ, ಆ ದೇಶದಲ್ಲಿ ಘೋರವಾದ ಕ್ಷಾಮ ತಲೆದೋರಿತು. ಗೋಧಿಯ ರೊಟ್ಟಿ ದುರ್ಲಭವಾಯಿತು. ಊರೆಲ್ಲ ಹಸಿವೆಯಿಂದ ಬಳಲುತ್ತಿದ್ದಾಗ ಸೀಲಿಯಾಕ್ ರೋಗದ ಮಕ್ಕಳು ಮಾತ್ರ ಸುಧಾರಿಸಿದರು. ಯುದ್ಧ ಮುಗಿದು ರೊಟ್ಟಿ ಮರಳಿ ಬಂದೊಡನೆ ಅವರ ರೋಗವೂ ಮರಳಿತು. ಡಿಕೆಯವರು ತಮ್ಮ ಸಂಶಯವನ್ನು ಪ್ರಯೋಗಗಳಿಂದ ದೃಢಪಡಿಸಿ 1950ರಲ್ಲಿ ಪ್ರಬಂಧವಾಗಿ ಮಂಡಿಸಿದರು. ಅಂದಿನಿಂದ ಇಂದಿನವರೆಗೂ ಗ್ಲುಟೆನ್ನನ್ನು ಸಂಪೂರ್ಣವಾಗಿ, ಜೀವನಪರ್ಯಂತ ಬಿಡುವುದೇ ಈ ರೋಗಕ್ಕೆ ಚಿಕಿತ್ಸೆಯಾಗಿದೆ.

ಭಾರತದಲ್ಲಿ ಈ ರೋಗವು ಎಲ್ಲೆಡೆಯೂ ಸಮನಾಗಿ ಕಂಡುಬರುವುದಿಲ್ಲ. 2016ರಲ್ಲಿ ಪ್ರಕಟವಾದ ಒಂದು ದೊಡ್ಡ ಸಮೀಕ್ಷೆಯಂತೆ, ಉತ್ತರ ಭಾರತದ ವಯಸ್ಕರಲ್ಲಿ ಸಾವಿರಕ್ಕೆ ಸುಮಾರು 12 ಜನರ ರಕ್ತದಲ್ಲಿ ಈ ರೋಗದ ಪ್ರತಿಕಾಯಗಳು ಕಂಡುಬಂದರೆ ದಕ್ಷಿಣದಲ್ಲಿ ಸಾವಿರಕ್ಕೆ ಸುಮಾರು ಒಬ್ಬರಲ್ಲಿ ಮಾತ್ರ ಕಂಡುಬಂದವು. ರೋಗಕ್ಕೆ ಆಸ್ಪದ ಕೊಡುವ ವಂಶಗುಣವಾದರೋ ಎರಡೂ ಕಡೆ ಮೂರರಲ್ಲಿ ಒಬ್ಬರಿಗಿಂತ ಹೆಚ್ಚು ಜನರಲ್ಲಿ ಕಂಡುಬಂದಿತು. ಹಾಗಾದರೆ ಭೇದವೆಲ್ಲಿ? ಸಮೀಕ್ಷೆಗೆ ಒಳಗಾದ ಉತ್ತರದವರು ದಿನಕ್ಕೆ ಸರಾಸರಿ 455 ಗ್ರಾಂ ಗೋಧಿಯನ್ನು ತಿನ್ನುತ್ತಿದ್ದರೆ ದಕ್ಷಿಣದವರು ತಿನ್ನುತ್ತಿದ್ದುದು ಕೇವಲ 25 ಗ್ರಾಂ. ಇದರಿಂದ ಎರಡು ಸಂಗತಿಗಳು ತಿಳಿಯುತ್ತವೆ. ಜೋಳ, ಅಕ್ಕಿ, ರಾಗಿಗಳ ನಾಡಿನಲ್ಲಿ ರೋಗವು ವಿರಳ. ಆದರೆ ವಿರಳವಾದುದರಿಂದಲೇ ಅದರ ನೆನಪು ಬೇಗ ಬರುವುದಿಲ್ಲ. ಇರುವ ರೋಗಿಯೂ ಕಣ್ತಪ್ಪಿ ಹೋಗುವ ಸಂಭವವುಂಟು.

ಸಂಶಯ ಬಂದಾಗ ಮೊದಲು ರಕ್ತವನ್ನು ಪರೀಕ್ಷಿಸಿ, ಅದರಲ್ಲಿ ಈ ರೋಗದ ವಿಶಿಷ್ಟ ಪ್ರತಿಕಾಯಗಳಿವೆಯೇ ಎಂದು ನೋಡುತ್ತಾರೆ. ಆಮೇಲೆ ಅಗತ್ಯವಿದ್ದರೆ ಬಾಯಿಯ ಮೂಲಕ ಸಪೂರವಾದ ಕೊಳವೆಯನ್ನು ಇಳಿಸಿ, ಕರುಳಿನ ಒಳಪದರದ ಚೂರುಗಳನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುತ್ತಾರೆ. ಹುಬ್ಬಳ್ಳಿಯಂತಹ ನಗರಗಳ ದೊಡ್ಡ ಆಸ್ಪತ್ರೆಗಳಲ್ಲಿ ಇದಕ್ಕೆ ತಜ್ಞರಿರುತ್ತಾರೆ. ಇಲ್ಲೊಂದು ಎಚ್ಚರಿಕೆ ಅಗತ್ಯ. ಪರೀಕ್ಷೆ ಮುಗಿಯುವ ಮುನ್ನವೇ ಗೋಧಿಯನ್ನು ಬಿಡಬಾರದು. ಬಿಟ್ಟರೆ ಕರುಳು ಚೇತರಿಸಿಕೊಳ್ಳತೊಡಗಿ, ಪ್ರತಿಕಾಯಗಳು ಇಳಿದು, ರೋಗವಿದ್ದರೂ ಇಲ್ಲವೆಂಬಂತೆ ತೋರಬಹುದು. ಹಾಗೆಯೇ ರೋಗವಿಲ್ಲದವರು ಬರಿಯ ಊಹೆಯಿಂದ ಗೋಧಿಯನ್ನು ತ್ಯಜಿಸಬೇಕಾದ ಕಾರಣವೂ ಇಲ್ಲ.

ರೋಗವು ಖಚಿತವಾದ ಮೇಲೆ ಪಥ್ಯವು ಆರಂಭವಾಗುತ್ತದೆ. ‘ಇನ್ನು ಮಗು ಏನನ್ನು ತಿನ್ನಬೇಕು?’ ಎಂಬ ಚಿಂತೆ ತಾಯಿತಂದೆಯರನ್ನು ಮೊದಲು ಕಾಡುತ್ತದೆ. ದಿನಕ್ಕೆ ಮೂರು ಹೊತ್ತೂ ಗೋಧಿಯನ್ನೇ ಉಣ್ಣುವ ನಾಡುಗಳಲ್ಲಿ ಇದು ಕಠಿಣವಾದ ಪ್ರಶ್ನೆ. ತಡಸದ ಸೀಮೆಯಲ್ಲಿ ಉತ್ತರವು ಮನೆಯ ಕಣಜದಲ್ಲಿಯೇ ಇದೆ. ಜೋಳದ ರೊಟ್ಟಿ, ಸಜ್ಜೆಯ ರೊಟ್ಟಿ, ನವಣೆಯ ಅನ್ನ, ಅಕ್ಕಿಯ ಅನ್ನ, ಇಡ್ಲಿ, ದೋಸೆ, ಅವಲಕ್ಕಿ, ಮಂಡಕ್ಕಿ, ಬೇಳೆಕಾಳುಗಳು, ಸೊಪ್ಪು, ತರಕಾರಿ, ಹಾಲು, ಮೊಸರು, ಶೇಂಗಾ, ಎಳ್ಳು, ಹಣ್ಣು, ಮೊಟ್ಟೆ, ಮೀನು, ಮಾಂಸ - ಇವೆಲ್ಲವೂ ಸಹಜವಾಗಿಯೇ ಗ್ಲುಟೆನ್ ಇಲ್ಲದ ಆಹಾರಗಳು. ಪೇಟೆಯಲ್ಲಿ ‘ಗ್ಲುಟೆನ್ ರಹಿತ’ ಎಂದು ಮುದ್ರಿಸಿ ಹೆಚ್ಚಿನ ಬೆಲೆಗೆ ಮಾರುವ ತಿನಿಸುಗಳನ್ನು ಕೊಳ್ಳಲಾರದ ಮನೆಯ ಮಗುವೂ ಪುಷ್ಟಿಕರವಾಗಿ ಉಣ್ಣಬಹುದು. ಸವೆದ ಕರುಳು ಮೊದಲಲ್ಲಿ ಹಾಲನ್ನು ಸರಿಯಾಗಿ ಜೀರ್ಣಿಸಿಕೊಳ್ಳದೆ ಇರಬಹುದು. ಕರುಳು ಗುಣವಾದಂತೆ ಸಾಮಾನ್ಯವಾಗಿ ಹಾಲೂ ಒಗ್ಗುತ್ತದೆ. ಕೆಲವೇ ವಾರಗಳಲ್ಲಿ ಮಗುವಿನ ಹಸಿವೆಯೂ ಉತ್ಸಾಹವೂ ಹೆಚ್ಚುತ್ತವೆ, ಬಳಿಕ ತೂಕ ಏರುತ್ತದೆ. ಕರುಳು ಪೂರ್ಣವಾಗಿ ಮಾಯಲು ಮಾತ್ರ ವರ್ಷವೋ ಇನ್ನೂ ಹೆಚ್ಚೋ ಬೇಕಾಗಬಹುದು.

ಏನನ್ನು ಉಣ್ಣಬೇಕೆಂಬುದಕ್ಕಿಂತ ಗೋಧಿ ಎಲ್ಲೆಲ್ಲಿ ಅಡಗಿದೆ ಎಂಬುದನ್ನು ತಿಳಿಯುವುದು ಹೆಚ್ಚು ಕಷ್ಟ. ರವೆ, ಮೈದಾ, ಶಾವಿಗೆ, ಬ್ರೆಡ್ಡು, ಬಿಸ್ಕತ್ತುಗಳು ಗೋಧಿಯ ರೂಪಾಂತರಗಳು. ಗೋಧಿಯ ನಾಟಿ ತಳಿಗಳಲ್ಲಿಯೂ ಗ್ಲುಟೆನ್ ಇದ್ದೇ ಇದೆ. ‘ಊರ ಗೋಧಿ, ಇದರಿಂದ ಏನೂ ಆಗದು’ ಎಂಬ ಮಾತನ್ನು ನಂಬಬಾರದು. ಅಂಗಡಿಯಲ್ಲಿ ದೊರೆಯುವ ಒಗ್ಗರಣೆಯ ಇಂಗು ಶುದ್ಧ ಇಂಗಲ್ಲ. ಅನೇಕ ವೇಳೆ ಅದಕ್ಕೆ ಮೈದಾ ಹಿಟ್ಟನ್ನು ಬೆರೆಸಿರುತ್ತಾರೆ. ಹೀಗೆ ಸಾರಿಗೂ ಉಪ್ಪಿನಕಾಯಿಗೂ ಗೋಧಿ ಸೇರಬಹುದು. ಬಾರ್ಲಿಯ ಮಾಲ್ಟ್‌ನಿಂದ ತಯಾರಿಸಿದ ಪೇಯದ ಪುಡಿಗಳೂ ವರ್ಜ್ಯ. ಬೇರೇನೂ ಬೆರೆಸದ ರಾಗಿಯ ಮಾಲ್ಟ್ ಆಗಬಹುದು. ಪೊಟ್ಟಣದ ಮೇಲೆ ಅಚ್ಚಾದ ಪದಾರ್ಥಗಳ ಪಟ್ಟಿಯನ್ನು ಓದುವ ಅಭ್ಯಾಸವನ್ನು ಮಗು ಬೇಗನೆ ಕಲಿಯಬೇಕು.

ಎಷ್ಟು ಗ್ಲುಟೆನ್ ಸೇರಿದರೆ ಕೇಡು? ಭಾರತದ ಆಹಾರ ಸುರಕ್ಷತೆಯ ನಿಯಮದಂತೆ, ಒಂದು ಕಿಲೋಗ್ರಾಂ ಆಹಾರದಲ್ಲಿ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟೆನ್ ಇದ್ದರೆ ಅದನ್ನು ಗ್ಲುಟೆನ್ ರಹಿತವೆಂದು ಮಾರುವಂತಿಲ್ಲ. ಎಂದರೆ ಹತ್ತು ಕ್ವಿಂಟಲ್ ಹಿಟ್ಟಿನಲ್ಲಿ 20 ಗ್ರಾಂ ಮಾತ್ರ. ಈ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಂಡು ಊರಿನ ಹಿಟ್ಟಿನ ಗಿರಣಿಯನ್ನು ನೋಡಬೇಕು. ಅಲ್ಲಿ ಒಬ್ಬರ ಗೋಧಿ ಬೀಸಿದ ಕಲ್ಲಿನಲ್ಲಿಯೇ ಮುಂದಿನವರ ಜೋಳವನ್ನು ಬೀಸುತ್ತಾರೆ. ಕಲ್ಲಿನ ಸಂದಿಯಲ್ಲಿ ಉಳಿದ ಗೋಧಿಯ ಹಿಟ್ಟು ಜೋಳದೊಡನೆ ಮನೆಗೆ ಬರುತ್ತದೆ. ನಿರ್ದೋಷಿಯಾದ ಜೋಳದ ರೊಟ್ಟಿಯೇ ಹೀಗೆ ದೋಷಿಯಾಗುತ್ತದೆ. ಆದುದರಿಂದ ಮಗುವಿನ ಹಿಟ್ಟಿಗೆ ಮನೆಯ ಬೀಸುಕಲ್ಲನ್ನಾಗಲಿ ಸಣ್ಣ ಯಂತ್ರವನ್ನಾಗಲಿ ಮೀಸಲಾಗಿಡುವುದು ಉತ್ತಮ. ಗೋಧಿಯನ್ನೇ ಬೀಸದ ಗಿರಣಿಯೊಂದು ಸಮೀಪದಲ್ಲಿದ್ದರೆ ಅಲ್ಲಿಯೂ ಬೀಸಿಸಬಹುದು. ಧಾನ್ಯವನ್ನು ಹಸನು ಮಾಡುವಾಗ ಅದರಲ್ಲಿ ಬೆರೆತ ಗೋಧಿಯ ಕಾಳುಗಳನ್ನು ಆರಿಸಿ ತೆಗೆಯುವುದೂ ಅಷ್ಟೇ ಮುಖ್ಯ.

ಅಡುಗೆಮನೆಯಲ್ಲಿಯೂ ಇದೇ ಜಾಗರೂಕತೆ ಬೇಕು. ಚಪಾತಿ ಬೇಯಿಸಿದ ಹೆಂಚಿನ ಮೇಲೆ ಮಗುವಿನ ರೊಟ್ಟಿಯನ್ನು ಹಾಕಬಾರದು. ಪೂರಿ ಕರಿದ ಎಣ್ಣೆಯಲ್ಲಿ ಹಪ್ಪಳ ಕರಿಯಬಾರದು. ಹೆಂಚು, ಲಟ್ಟಣಿಗೆ, ಜರಡಿ ಮತ್ತು ಮರದ ಕೊಣಮಿಗೆಗಳನ್ನು ಬೇರೆಯಾಗಿಟ್ಟು, ಗುರುತಿಗೆ ಬಣ್ಣದ ದಾರವನ್ನು ಕಟ್ಟಬಹುದು. ಮಗುವಿನ ಅಡುಗೆಯನ್ನು ಮೊದಲು ಮಾಡಿ ಮುಚ್ಚಿಟ್ಟು, ಆಮೇಲೆ ಗೋಧಿಯ ಅಡುಗೆಗೆ ಕೈ ಹಾಕುವುದು ಸುಲಭವಾದ ಉಪಾಯ. ಇಡೀ ಮನೆಯವರೇ ದಿನನಿತ್ಯದ ಊಟವನ್ನು ಜೋಳ ಮತ್ತು ಅಕ್ಕಿಗಳಿಗೆ ಒಗ್ಗಿಸಿಕೊಂಡರೆ ಇನ್ನೂ ಸುಲಭ. ಆಗ ಮಗುವಿಗೆ ಬೇರೆ ತಟ್ಟೆಯ ದುಃಖವೂ ಇರುವುದಿಲ್ಲ.

ಮನೆಯ ಹೊಸ್ತಿಲನ್ನು ದಾಟಿದ ಮೇಲೆ ಮಗು ತನ್ನ ರಕ್ಷಣೆಯನ್ನು ತಾನೇ ನೋಡಿಕೊಳ್ಳಬೇಕಾಗುತ್ತದೆ. ಶಾಲೆಯ ಮಧ್ಯಾಹ್ನದ ಊಟದಲ್ಲಿ ಅನ್ನ ಮತ್ತು ಸಾಂಬಾರು ಇರುವ ದಿನ, ಸಾಂಬಾರಿಗೆ ಹಾಕಿದ ಇಂಗಿನ ವಿಚಾರವೊಂದನ್ನು ಕೇಳಿ ತಿಳಿದರೆ ಸಾಕಾಗಬಹುದು. ಉಪ್ಪಿಟ್ಟು ಮಾಡುವ ದಿನ ಬುತ್ತಿಯನ್ನು ಒಯ್ಯಬೇಕು. ಮುಖ್ಯೋಪಾಧ್ಯಾಯರಿಗೂ ಅಡುಗೆಯವರಿಗೂ ಪಾಲಕರು ಮೊದಲೇ ತಿಳಿಸಿ, ವೈದ್ಯರ ಪತ್ರವನ್ನು ಕೊಡುವುದು ಒಳ್ಳೆಯದು. ಎಲ್ಲಿಯೇ ಉಣ್ಣಲು ಕುಳಿತರೂ ಮಗು ಮೂರು ಪ್ರಶ್ನೆಗಳನ್ನು ಕೇಳಬೇಕು: ಇದನ್ನು ಯಾವ ಹಿಟ್ಟಿನಿಂದ ಮಾಡಿದ್ದಾರೆ? ಯಾವ ಪಾತ್ರೆಯಲ್ಲಿ, ಯಾವ ಎಣ್ಣೆಯಲ್ಲಿ ಮಾಡಿದ್ದಾರೆ? ಯಾವ ಸೌಟಿನಿಂದ ಬಡಿಸುತ್ತಿದ್ದಾರೆ? ಹೆದ್ದಾರಿಯ ಬದಿಯ ಅಂಗಡಿಯಲ್ಲಿ ಕರಿದ ಮಿರ್ಚಿಯು ಕಡಲೆಹಿಟ್ಟಿನದೇ ಇರಬಹುದು. ಅದೇ ಬಾಣಲೆಯಲ್ಲಿ ಮೈದಾದ ಸಮೋಸವೂ ಬೆಂದಿದ್ದರೆ ಅದು ವರ್ಜ್ಯವೇ.

ಹಬ್ಬಗಳು ಬಂದಾಗ ಮಗುವಿನ ಮನಸ್ಸು ಹೆಚ್ಚಾಗಿ ನೋಯುತ್ತದೆ. ಇಲ್ಲಿಯೂ ನಾಡಿನ ಸಂಪ್ರದಾಯವು ಕೈ ಹಿಡಿಯುತ್ತದೆ. ನಾಗರ ಪಂಚಮಿಗೆ ಜೋಳದ ಅರಳು, ಎಳ್ಳಿನ ಉಂಡೆ, ಶೇಂಗಾದ ಉಂಡೆ, ಪುಟಾಣಿಯ ಉಂಡೆಗಳಿರುತ್ತವೆ. ರವೆಯ ಉಂಡೆಯೊಂದನ್ನು ಬಿಟ್ಟರೆ ಜೋಕಾಲಿಯ ಸಂತೋಷಕ್ಕೆ ಯಾವ ಕೊರತೆಯೂ ಇಲ್ಲ. ಹೋಳಿಗೆಯ ದಿನ ಅದೇ ಹೂರಣವನ್ನು ಅಕ್ಕಿಹಿಟ್ಟಿನ ಕಡುಬಿನಲ್ಲಿ ತುಂಬಿ ಕೊಡಬಹುದು. ಗೋಧಿ ಹುಗ್ಗಿಯ ಬದಲು ಅಕ್ಕಿಯ ಪಾಯಸ ಆಗಬಹುದು. ಜಾತ್ರೆಯಲ್ಲಿ ಸಜ್ಜಿಗೆಯ ಪ್ರಸಾದವನ್ನು ಕೊಟ್ಟಾಗ ಮಗು ಅದನ್ನು ಕಣ್ಣಿಗೊತ್ತಿಕೊಂಡು ಜೊತೆಯವರಿಗೆ ದಾಟಿಸಿ ಕೈತೊಳೆದುಕೊಳ್ಳಲಿ. ಇದರಲ್ಲಿ ಭಕ್ತಿಗೆ ಲೋಪವಿಲ್ಲ. ‘ಹಬ್ಬದ ದಿನ ಒಂದು ತುತ್ತಿನಿಂದ ಏನಾದೀತು?’ ಎಂದು ಪ್ರೀತಿಯಿಂದ ಒತ್ತಾಯಿಸುವ ಅಜ್ಜಿಯಿಂದ, ಸೋದರತ್ತೆಯಿಂದ ತಪ್ಪಿಸಿಕೊಳ್ಳುವುದು ಎಲ್ಲಕ್ಕಿಂತ ಕಷ್ಟ. ಆ ಒಂದು ತುತ್ತು ಕರುಳಿನ ಗಾಯವನ್ನು ಮತ್ತೆ ಕೆದಕುತ್ತದೆ ಎಂಬುದನ್ನು ಮನೆಯ ಹಿರಿಯರೇ ಮುಂದಾಗಿ ಬಂಧುಗಳಿಗೆ ತಿಳಿಸಬೇಕು.

ಹದಿಹರೆಯದಲ್ಲಿ ಪಥ್ಯವು ಇನ್ನೊಂದು ಪರೀಕ್ಷೆಗೆ ಒಳಗಾಗುತ್ತದೆ. ಚಿಕ್ಕಂದಿನಲ್ಲಿ ತಾಯಿ ಬಡಿಸಿದ್ದನ್ನು ಉಣ್ಣುತ್ತಿದ್ದ ಮಗು ಈಗ ಗೆಳೆಯರೊಡನೆ ತಿರುಗುತ್ತದೆ. ಎಲ್ಲರೂ ತಿನ್ನುವಾಗ ತಾನೊಬ್ಬನೇ ಕೈಕಟ್ಟಿ ಕೂಡುವುದು ಅವಮಾನವೆಂದು ತೋರುತ್ತದೆ. ಒಮ್ಮೆ ಕದ್ದು ತಿಂದಾಗ ಹೊಟ್ಟೆನೋವು ಬರದಿದ್ದರೆ ‘ರೋಗ ಹೋಯಿತು’ ಎಂಬ ಭ್ರಮೆ ಹುಟ್ಟುತ್ತದೆ. ಆದರೆ ಈ ರೋಗದಲ್ಲಿ ನೋವು ಇಲ್ಲದಿರುವುದು ಹಾನಿ ಇಲ್ಲದಿರುವುದಕ್ಕೆ ಸಾಕ್ಷಿಯಲ್ಲ. ಹೊರಗೆ ಏನೂ ಕಾಣದಿದ್ದರೂ ಒಳಗೆ ವಿಲ್ಲೈಗಳು ಸವೆಯುತ್ತಿರಬಹುದು, ಮೂಳೆಗಳು ದುರ್ಬಲವಾಗುತ್ತಿರಬಹುದು. ವೈದ್ಯರು ಹೇಳಿದ ಕಾಲಕ್ಕೆ ರಕ್ತವನ್ನು ಪರೀಕ್ಷಿಸಿಕೊಳ್ಳುತ್ತಿದ್ದರೆ ಇದು ಬೆಳಕಿಗೆ ಬರುತ್ತದೆ. ಮಗು ತಪ್ಪಿ ತಿಂದುದನ್ನು ಹೇಳಿದಾಗ ಪಾಲಕರು ಗದರಿಸಬಾರದು. ಗದರಿಸಿದರೆ ಮುಂದಿನ ಸಲ ಅದು ಹೇಳದೆ ಮುಚ್ಚಿಡುವುದನ್ನು ಕಲಿಯುತ್ತದೆ. ಹೆಣ್ಣುಮಕ್ಕಳ ವಿಷಯದಲ್ಲಿ, ಮುಂದೆ ಮದುವೆಗೆ ತೊಡಕಾದೀತೆಂದು ಮನೆಯವರೇ ರೋಗವನ್ನು ಮರೆಮಾಡುವುದುಂಟು. ಮುಚ್ಚಿಟ್ಟ ರೋಗಕ್ಕೆ ಪಥ್ಯ ನಡೆಯುವುದಿಲ್ಲ. ಪಥ್ಯ ಮಾಡುವವಳು ಎಲ್ಲರಂತೆ ಓದಬಲ್ಲಳು, ಆಡಬಲ್ಲಳು, ದುಡಿಯಬಲ್ಲಳು, ಸಂಸಾರ ನಡೆಸಬಲ್ಲಳು.

ಇಂತಹ ಮಗುವಿಗೆ ಕನಿಕರದ ಅಗತ್ಯವಿಲ್ಲ, ಸಹಕಾರದ ಅಗತ್ಯವಿದೆ. ತರಗತಿಯಲ್ಲಿ ಯಾರಾದರೂ ‘ನನಗೆ ಗೋಧಿ ಒಗ್ಗುವುದಿಲ್ಲ’ ಎಂದರೆ, ಅದನ್ನು ಬಿಂಕವೆಂದು ನಗದೆ ನಂಬುವುದು ಸಹಪಾಠಿಗಳು ಮಾಡಬಹುದಾದ ಮೊದಲನೆಯ ಉಪಕಾರ. ಒಟ್ಟಿಗೆ ತಿನ್ನುವ ಸಂದರ್ಭ ಬಂದಾಗ ಬಿಸ್ಕತ್ತಿನ ಬದಲು ಶೇಂಗಾ-ಬೆಲ್ಲವನ್ನೋ ಬಾಳೆಯ ಹಣ್ಣನ್ನೋ ತಂದು ಎಲ್ಲರೂ ಹಂಚಿಕೊಳ್ಳುವುದು ಎರಡನೆಯದು. ವಿಶ್ವಸಂಸ್ಥೆಯು ಭಾರತದ ಸಲಹೆಯಂತೆ 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿತು. ಜೋಳ, ಸಜ್ಜೆ, ನವಣೆ, ಸಾಮೆಗಳ ಕಡೆಗೆ ಲೋಕದ ಗಮನ ಹರಿಯಿತು. ಬಡವರ ಕಾಳುಗಳೆಂದು ಒಂದು ಕಾಲಕ್ಕೆ ಕಡೆಗಣಿಸಲ್ಪಟ್ಟ ಈ ಧಾನ್ಯಗಳು, ಗೋಧಿ ಒಗ್ಗದ ಮಗುವಿಗೆ ಅನ್ನವೂ ಹೌದು, ಔಷಧವೂ ಹೌದು. ಔಷಧವು ಹೊಲದಲ್ಲಿ ಬೆಳೆಯುತ್ತದೆ. ಅದನ್ನು ಕಲಬೆರಕೆಯಿಲ್ಲದೆ ಮಗುವಿನ ತಟ್ಟೆಗೆ ಮುಟ್ಟಿಸುವ ಹೊಣೆ ಮನೆಯವರದು, ಶಾಲೆಯವರದು ಮತ್ತು ನೆರೆಹೊರೆಯವರದು.